ಗೇರ್‌ಬಾಕ್ಸ್ ಇಳಿಸಿದ ಅತ್ತೆ ಸೊಸೆ

ಕಾರಿನ ಅಡಿಯಲ್ಲಿ ಅಂಗಾತ ಮಲಗಿದಾಗ ವಾಣಿಶ್ರೀಗೆ ಮೊದಲು ಅನ್ನಿಸಿದ್ದು, ಇಲ್ಲಿ ಎಷ್ಟು ತಂಪಾಗಿದೆ ಎಂದು. ಮೂಗಿನ ಮೇಲೆ ಗೇಣು ದೂರದಲ್ಲಿ ಎಣ್ಣೆ ಮೆತ್ತಿದ ಕಬ್ಬಿಣ. ಅದರ ಅಂಚಿನಾಚೆ ಶೆಡ್ಡಿನ ತಗಡಿನ ತೂತುಗಳಿಂದ ಬಿಸಿಲು ಚುಕ್ಕಿ ಚುಕ್ಕಿಯಾಗಿ ಇಳಿಯುತ್ತಿತ್ತು. ಹೊಗೆಸೊಪ್ಪು ಬೇಯಿಸುವ ಕಾಲ ಮುಗಿದು ಎರಡು ತಿಂಗಳಾಗಿದ್ದರೂ ಸೊಪ್ಪು ಹದಮಾಡುವ ಪಕ್ಕದ ಬ್ಯಾರನ್ನಿನ ಗೋಡೆಯಿಂದ ಬೆಲ್ಲ ಸೀದಂಥ ವಾಸನೆ ಬರುತ್ತಲೇ ಇತ್ತು. ಕಣ್ಣು ಮುಚ್ಚಿದರೆ ನಿದ್ದೆ ಬಂದುಬಿಡುತ್ತಿತ್ತು. ಆದರೆ ಅಂದು ಶನಿವಾರ. ಸೋಮವಾರ ಹತ್ತು ಗಂಟೆಯೊಳಗೆ ಈ ಹಳೆಯ ಮಾರುತಿ ತನ್ನ ಶಕ್ತಿಯಲ್ಲೇ ಶೆಡ್ಡಿನಿಂದ ಅಂಗಳಕ್ಕೆ ಹತ್ತಬೇಕಿತ್ತು. ಇಲ್ಲದಿದ್ದರೆ ಬಿಳಿಕೆರೆಯ ಗುಜರಿ ಸುರೇಶ್ ಟೆಂಪೋ ತಂದು ಎಳೆದೊಯ್ಯುವವನಿದ್ದ.

"ಬ್ಯಾರನ್ಗೆ ಸೌದೆ ಲೋಡು ಬತ್ತದೆ ಕಣೆ. ಈ ಡಬ್ಬನ ಎಲ್ಲಿ, ನನ್ ತಲೆ ಮ್ಯಾಲ್ ನಿಲ್ಲಿಸ್ಕೊಳ್ಳಾ?" ಎಂದಿದ್ದ ಗಂಡ ಚೆಲುವರಾಜು. "ಕ್ಲಚ್ ಓಗದೆ. ಗ್ಯಾರೇಜ್ನೋರೂ ಮುಟ್ಟಕ್ಕೆ ಒಪ್ತಿಲ್ಲ."

"ನಾನೇ ಹಾಕ್ತೀನಿ."

"ಆಕು, ಆಕು. ಮುದ್ದೆ ತಿರುವ್ದಂಗೆ ಅಂದ್ಕೊಂಡಿದ್ದೀಯಾ?" ಎಂದು ನಕ್ಕು, ಬೀಗರೂಟಕ್ಕೆಂದು ಎರಡು ದಿನ ಪಿರಿಯಾಪಟ್ಟಣಕ್ಕೆ ಹೊರಟುಹೋಗಿದ್ದ.

ಕಾರು ಅವಳಿಗೆ ಬೇಕಿದ್ದದ್ದು ಎಲ್ಲಿಗೂ ಹೋಗಲಿಕ್ಕಲ್ಲ. ಹುಣಸೂರಿಗೆ ಮಾತ್ರೆಗೆ ಎಂದೋ, ಹಿಟ್ಟಿನ ಮಿಲ್ಲಿಗೆ ಎಂದೋ ಹೊರಟವಳು ಹಿಂದಿರುಗುವಾಗ ಹನಗೋಡಿನ ಹತ್ತಿರ ನಾಲೆ ಏರಿಯ ಮೇಲೆ ನಿಲ್ಲಿಸುತ್ತಿದ್ದಳು. ಗಾಜು ಏರಿಸಿ ಅರ್ಧ ಗಂಟೆ ಸುಮ್ಮನೆ ಕೂರುತ್ತಿದ್ದಳು. ಮನೆಯಲ್ಲಿ ದಿನಕ್ಕೆ ನೂರು ಸಲ ಕೂಗಿಸಿಕೊಳ್ಳುವ ಅವಳ ಹೆಸರಿಗೂ ಅಲ್ಲಿ ಬಿಡುವು. ನೀರಿನ ಮೇಲೆ ಹಾರುವ ಬೆಳ್ಳಕ್ಕಿ ನೋಡುತ್ತಾ ತಾನು ಯಾರು ಎಂಬುದು ಮೆಲ್ಲಗೆ ಕರಗಿ, ಬರೀ ಕಣ್ಣೆರಡು ಉಳಿಯುತ್ತಿದ್ದವು. ಈ ಗುಟ್ಟನ್ನು ಅವಳು ಯಾರಿಗೂ ಹೇಳಿರಲಿಲ್ಲ. ಹೇಳಿದರೆ, ಅಲ್ಲೇನು ಮಾಡುತ್ತೀ ಎಂದು ಕೇಳುತ್ತಾರೆ. ಏನೂ ಮಾಡುವುದಿಲ್ಲ ಎಂದರೆ ಯಾರು ನಂಬುತ್ತಾರೆ?

ಕಾರಿನ ಮುಂಭಾಗವನ್ನು ಹುಣಸೆ ಕೊರಡುಗಳ ಮೇಲೆ ಕೂರಿಸಿ, ಇಂಜಿನ್ನಿಗೆ ಜಾಕ್ ಕೊಟ್ಟು, ಮೊಬೈಲಿನ ವಿಡಿಯೋದಲ್ಲಿ ತೋರಿಸಿದಂತೆ ಒಂದೊಂದೇ ಬೋಲ್ಟು ಬಿಚ್ಚಿದಳು. ಗೇರ್‌ಬಾಕ್ಸಿಗೆ ಹಗ್ಗ ಬಿಗಿದು, ತೆರೆದ ಬಾನೆಟ್ಟಿನ ಮೂಲಕ ಶೆಡ್ಡಿನ ತೊಲೆಯ ಮೇಲೆ ಹಾಯಿಸಿ, ಇನ್ನೊಂದು ತುದಿಯನ್ನು ಅತ್ತೆ ಸಾಕಮ್ಮನ ಕೈಗೆ ಕೊಟ್ಟಳು. ಎಪ್ಪತ್ತರ ಸಾಕಮ್ಮ ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತು, ಹಗ್ಗವನ್ನು ಕಂಬಕ್ಕೆ ಎರಡು ಸುತ್ತು ಸುತ್ತಿ ಹಿಡಿದರು.

"ತಲೆ ಕಾಣ್ತಾ ಅದಾ?"

"ಕಾಣ್ತು ಅತ್ತೆ. ಒಸಿ ಸಡಿಲ ಬುಡಿ."

"ಎಮ್ಮೆ ಕರ ಆಕ್ದಂಗೇಯ ಕಣೆ ನಿನ್ ಕಾರು. ಎಳೀಬ್ಯಾಡ, ಅದೇ ಬತ್ತದೆ. ಅವಸ್ರ ಮಾಡುದ್ರೆ ಕರಾನೂ ಇಲ್ಲ, ಎಮ್ಮೇನೂ ಇಲ್ಲ."

ಅದು ತಾನಾಗಿಯೇ ಜಾರಿ ಬಂದು, ಹಾಸಿದ್ದ ಗೋಣಿಯ ಮೇಲೆ ಕೂತಿತು.

"ಗಂಡು ಕರಾನೇ. ಈ ತೂಕಕ್ಕೆ ಇನ್ನೇನು?" ಎಂದರು ಸಾಕಮ್ಮ.

ಹಳೆಯ ಕ್ಲಚ್ ಪ್ಲೇಟನ್ನು ಬಿಚ್ಚಿ ಬೆಳಕಿಗೆ ಹಿಡಿದಾಗ ಅದರ ಪದರವೆಲ್ಲ ಸವೆದು ರಿವೆಟ್ಟುಗಳು ಹಲ್ಲಿನಂತೆ ಎದ್ದಿದ್ದವು. ಎಡಗಾಲನ್ನು ಸದಾ ಕ್ಲಚ್ಚಿನ ಮೇಲೆ ಇಟ್ಟುಕೊಂಡೇ ಓಡಿಸುವವರ ಪ್ಲೇಟು ಹೀಗಾಗುತ್ತದೆ ಎಂದು ವಿಡಿಯೋದವನು ಹೇಳಿದ್ದ. ಅದು ತನ್ನದೇ ಚಾಳಿ. ಯಾರಾದರೂ ಕರೆದರೆ ತಕ್ಷಣ ನಿಲ್ಲಿಸಬೇಕಲ್ಲ ಎಂದು ಅವಳ ಕಾಲು ಯಾವಾಗಲೂ ಅರ್ಧ ತುಳಿದುಕೊಂಡೇ ಇರುತ್ತಿತ್ತು. ಬರೀ ಕಾರಿನಲ್ಲಲ್ಲ. ಮದುವೆಯಾಗಿ ಬಂದ ಇಪ್ಪತ್ತೆರಡು ವರ್ಷದಿಂದ ಊಟಕ್ಕೆ ಕೂತಾಗಲೂ, ಮಲಗಿದಾಗಲೂ ಅರ್ಧ ತುಳಿದೇ ಇದ್ದಳು. ಹಾಗೆ ಸವೆದದ್ದು ಒಳಗೆ ಇನ್ನೇನೇನಿದೆಯೋ, ಬಿಚ್ಚಿ ನೋಡಿದವರು ಯಾರು?

ಹುಣಸೂರಿನ ಅಂಗಡಿಯಿಂದ ತಂದಿಟ್ಟಿದ್ದ ಹೊಸ ಪ್ಲೇಟನ್ನು ಸರಿಯಾಗಿ ನಡುಮಧ್ಯೆ ಕೂರಿಸಲು ವಿಡಿಯೋದವನ ಹತ್ತಿರ ಒಂದು ಪ್ಲಾಸ್ಟಿಕ್ ಕಡ್ಡಿ ಇತ್ತು. ಅವಳ ಹತ್ತಿರ ಹೊಗೆಸೊಪ್ಪು ಕಟ್ಟುವ ಕಡ್ಡಿಗಳು ಸಾವಿರ ಇದ್ದವು. ಒಂದನ್ನು ಮೊಳದಷ್ಟು ಕತ್ತರಿಸಿ, ತುದಿ ಹೆರೆದು, ಸೊಪ್ಪು ಕಟ್ಟುವ ದಾರವನ್ನೇ ಸುತ್ತುತ್ತಾ ಹೋದಳು. ಎಷ್ಟು ಸುತ್ತಿದರೆ ತೂತಿಗೆ ಸರಿಹೋಗುತ್ತದೆಂದು ಬೆರಳಿಗೆ ಗೊತ್ತಿತ್ತು.

ಭಾನುವಾರ ಬೆಳಿಗ್ಗೆ ಕೈ ತೊಳೆದು ಬಂದು ನೋಡಿದರೆ ಹೊಸ ಪ್ಲೇಟಿನ ಮೇಲೆ ಮೂರು ಬೊಟ್ಟು ಕುಂಕುಮ. ಸಾಕಮ್ಮ ಬೇರೆ ಕಡೆ ನೋಡುತ್ತಾ ಅವರೆಕಾಯಿ ಬಿಡಿಸುತ್ತಿದ್ದರು.

ಪ್ಲೇಟಿಗೆ ಬೆರಳ ಜಿಡ್ಡೂ ತಾಗಬಾರದು, ತಾಗಿದರೆ ಜಾರುತ್ತದೆ ಎಂದು ವಿಡಿಯೋದವನು ಮೂರು ಸಲ ಹೇಳಿದ್ದ. ಬಟ್ಟೆ ತೆಗೆದುಕೊಂಡ ವಾಣಿಶ್ರೀಯ ಕೈ ಅಲ್ಲೇ ನಿಂತಿತು. ಮಾವ ತೀರಿಕೊಂಡ ಮೇಲಿನ ಹದಿನಾಲ್ಕು ವರ್ಷದಲ್ಲಿ ಹೊಸ ಕುಡುಗೋಲಿಗಾಗಲಿ, ಟ್ರ್ಯಾಕ್ಟರಿಗಾಗಲಿ ಕುಂಕುಮ ಇಡಲು ಯಾರೂ ಅತ್ತೆಯನ್ನು ಕರೆದಿರಲಿಲ್ಲ. ಕರೆಯದವರಲ್ಲಿ ತಾನೂ ಒಬ್ಬಳು. ಈ ಮೂರು ಬೊಟ್ಟನ್ನು ತಾನು ಒರೆಸುವುದೇ? ಒಣಪುಡಿ ತಾನೆ, ಏನಾದೀತು ಎಂದುಕೊಂಡು ಹಾಗೆಯೇ ಕೂರಿಸಿ ಬಿಗಿದಳು.

ಮಧ್ಯಾಹ್ನ ಎಲ್ಲ ಜೋಡಿಸಿ ಸ್ಟಾರ್ಟ್ ಮಾಡಿದಳು. ಗೇರು ಸಲೀಸಾಗಿ ಬಿತ್ತು. ಆದರೆ ಶೆಡ್ಡಿನ ಬಾಯಿಯ ಇಳಿಜಾರು ಹತ್ತುವಾಗ ಇಂಜಿನ್ ಬೊಬ್ಬೆ ಹೊಡೆಯಿತೇ ಹೊರತು ಕಾರು ಅಲುಗಲಿಲ್ಲ. ಸುಟ್ಟ ವಾಸನೆ ಬಂತು.

ಸ್ಟೀರಿಂಗಿಗೆ ಹಣೆ ಹಚ್ಚಿ ಕೂತಳು. ನಾಲೆಯ ನೀರು, ಬೆಳ್ಳಕ್ಕಿ, ಏರಿಸಿದ ಗಾಜು ಎಲ್ಲವೂ ಯಾರೋ ಹೇಳಿದ ಕಥೆಯಂತೆ ದೂರ ಸರಿಯತೊಡಗಿದವು.

"ವಾಣಿ," ಕಿಟಕಿಯ ಹತ್ತಿರ ಸಾಕಮ್ಮ ನಿಂತಿದ್ದರು. "ನಾನು ಕುಂಕುಮನ ಅರಳೆಣ್ಣೇಲಿ ಕಲಸಿದ್ದೆ ಕಣವ್ವ. ಉದುರ್ದೆ ನಿಂತ್ಕೊಳ್ಳಲಿ ಅಂತ. ಅದ್ಕೇ ಇಂಗಾಯ್ತಾ?"

ಇಲ್ಲ ಎನ್ನಬಹುದಿತ್ತು. "ಹೂಂ ಅತ್ತೆ," ಎಂದಳು. "ನಾನೂ ನೋಡಿದ್ದೆ. ಒರೆಸೋಕೆ ಮನಸ್ಸು ಬರಲಿಲ್ಲ."

ಸಾಕಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದರು. "ದಡ್ಡಿ! ಒರುಸ್ದೆ ಕೂರುಸ್ಬುಟ್ಟು ಈಗ ಅಳ್ತಾಳೆ. ಏಳು, ಹಗ್ಗ ಎಲ್ಲಿ?"

ಎರಡನೇ ಸಲ ಕೈಗಳಿಗೆ ದಾರಿ ಗೊತ್ತಿತ್ತು. ಹೊತ್ತು ಮುಳುಗುವಷ್ಟರಲ್ಲಿ ಗೇರ್‌ಬಾಕ್ಸು ಮತ್ತೆ ಗೋಣಿಯ ಮೇಲಿತ್ತು. ಪೆಟ್ರೋಲಿನ ಬಟ್ಟೆಯನ್ನು ಸಾಕಮ್ಮನೇ ಕಿತ್ತುಕೊಂಡರು. "ತತ್ತಾ ಇಲ್ಲಿ. ನಾನಿಟ್ಟಿದ್ದು, ನಾನೇ ತಗೀತೀನಿ." ಪ್ಲೇಟಿನ ಮೇಲಿನ ಕೆಂಪೆಲ್ಲ ಬಟ್ಟೆಗೆ ಇಳಿಯಿತು. ವಾಣಿಶ್ರೀ ಉಪ್ಪುಕಾಗದದಿಂದ ಉಜ್ಜಿದಳು. ಪ್ಲೇಟು ಒತ್ತಿಕೊಳ್ಳುವ ಇಂಜಿನ್ನಿನ ಹೊಳೆಯುವ ಚಕ್ರವನ್ನೂ ಇಬ್ಬರೂ ಸೇರಿ ಒರೆಸಿದರು.

"ಈಗ ಇದರ ಮೇಲೆ ಇಡಿ, ಹೊರಗಡೆ. ಇಲ್ಲಿ ಏನೂ ಉಜ್ಜಲ್ಲ," ಎಂದು ವಾಣಿಶ್ರೀ ಗೇರ್‌ಬಾಕ್ಸಿನ ಬೆನ್ನು ತೋರಿಸಿ, ಕುಂಕುಮದ ಬಟ್ಟಲು ಮುಂದೆ ಹಿಡಿದಳು.

ಸಾಕಮ್ಮ ಬೆರಳನ್ನು ಸೆರಗಿಗೆ ಒರೆಸಿಕೊಂಡು ಬಟ್ಟಲಿಗೆ ಅದ್ದಿದರು. ಆಮೇಲೆ ಇಟ್ಟರು. ಮೂರಲ್ಲ, ಐದು.

ಸೋಮವಾರ ಬೆಳಕು ಹರಿಯುವಾಗ ಶುರುಮಾಡಿ ಕೊನೆಯ ಬೋಲ್ಟು ಬಿಗಿಯುವಷ್ಟರಲ್ಲಿ ಸುರೇಶನ ಟೆಂಪೋ ಅಂಗಳದ ಬಾಯಿಗೆ ಬಂದು ನಿಂತಿತ್ತು. ಬೀಗರೂಟದ ಬಾಡಿನ ಡಬ್ಬಿ ಹಿಡಿದು ಚೆಲುವರಾಜು ಅದರಿಂದಲೇ ಇಳಿದ. ವಾಣಿಶ್ರೀ ಅವರತ್ತ ನೋಡಲಿಲ್ಲ. ಕೊರಡು ತೆಗೆದು, ಒಳಗೆ ಕೂತು, ಮೊದಲ ಗೇರು ಹಾಕಿ, ಕ್ಲಚ್ಚನ್ನು ಮೆಲ್ಲಗೆ, ಮಗುವಿನ ಕೈಯಿಂದ ಬೆರಳು ಬಿಡಿಸಿಕೊಂಡಂತೆ ಬಿಟ್ಟಳು. ಕಾರು ಮೂಗೆತ್ತಿ ಇಳಿಜಾರು ಹತ್ತಿ ಅಂಗಳಕ್ಕೆ ಬಂತು.

"ಅಣ್ಣೋ, ಇದು ನಡೀತಾ ಅದಲ್ಲಣ್ಣೋ," ಎಂದ ಸುರೇಶ್. ಚೆಲುವರಾಜು ಡಬ್ಬಿಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿದ.

ವಾಣಿಶ್ರೀ ಪಕ್ಕದ ಬಾಗಿಲು ತೆರೆದಳು. "ಬನ್ನಿ ಅತ್ತೆ, ನಾಲೆ ಏರಿ ತಂಕ ಹೋಗಿ ಬರೋಣ."

"ನೀ ಓಗಿ ಕೂರದು ನಾಲೆ ಏರಿ ಮ್ಯಾಲೆ ಅಂತ ನಂಗೂ ಗೊತ್ತು ಕಣೆ," ಸಾಕಮ್ಮ ತಗ್ಗಿದ ದನಿಯಲ್ಲಿ ಹೇಳಿದರು. "ಹಾಲಿನ ಡೈರಿಯೋರು ಎಷ್ಟು ಸಲ ನೋಡವ್ರೆ! ನಾನು ಬರಾಕಿಲ್ಲ. ಇಬ್ರು ಕೂತ್ರೆ ಅದೂ ಮನೇನೆ ಆಯ್ತದೆ. ನೀ ಓಗು."

ಅವರೇ ಬಾಗಿಲು ಹಾಕಿ, ಸುರೇಶನ ಕಡೆ ತಿರುಗಿದರು. "ಏಯ್, ಟೆಂಪೋನ ಒಸಿ ಹಿಂದಕ್ ತಕ್ಕೊಳ್ಲಾ. ನನ್ ಸೊಸೆ ಓಗ್ಬೇಕು."