ಮಿಂಚು ತೆಗೆದ ಹಲಗೆ

ಅಂಬವ್ವನಿಗೆ ಆರು ವರ್ಷವಿದ್ದಾಗ ನಾನೊಂದು ಮಾತು ಕೊಟ್ಟಿದ್ದೆ. ಶಹಾಪುರದ ದವಾಖಾನೆಯಲ್ಲಿ ಅಂಗವಿಕಲರಿಗೆ ಸರ್ಟಿಫಿಕೇಟು ಬರೆದುಕೊಡುವ ದಿನ ಅದು. ನನ್ನ ಮಗಳ ಬಲಗೈ ಹುಟ್ಟುವಾಗಲೇ ಮೊಣಕೈಯಿಂದ ಒಳಕ್ಕೆ ತಿರುಗಿತ್ತು. ಬೆರಳು ಆಡುತ್ತಿದ್ದವು, ಮಣಿಕಟ್ಟು ಮೇಲೆ ಏಳುತ್ತಿರಲಿಲ್ಲ. ಡಾಕ್ಟರು ಆ ಕೈಯನ್ನು ಮೇಜಿನ ಮೇಲೆ ಚಾಚಿಸಿ ನೋಡುತ್ತಿದ್ದರೆ ಅವಳು ಮೇಜಿನ ಮಿಂಚಿನಲ್ಲಿ ತನ್ನ ಮುಖವನ್ನೇ ನೋಡುತ್ತಿದ್ದಳು.

“ಯವ್ವಾ, ಇದರಾಗ ನನ್ನ ಮಾರಿ ಕಾಣತದ!”

“ಸುಮ್ನ ಕುಂದ್ರು. ಸಾಹೇಬ್ರು ಬೈತಾರ.”

“ನನಗೂ ಇಂಥಾದು ಬೇಕು.”

ಊರು ಮುಟ್ಟುವ ತನಕ ಬಸ್ಸಿನಲ್ಲಿ ಅದೇ ಹಟ. ಕೊನೆಗೆ ನಾನು, “ಹತ್ತನೇತ್ತಿ ಪರೀಕ್ಷಾದ ತನಕ ಓದು. ಮಾರಿ ಕಾಣೂವಂಥ ಹಲಿಗಿ ನಾನೇ ಮಾಡಿ ಕೊಡ್ತೀನಿ” ಎಂದೆ. ಹತ್ತನೇ ತರಗತಿ ಆಗ ಬಹಳ ದೂರವಿತ್ತು. ಅಷ್ಟು ದೂರಕ್ಕೆ ಏನು ಬೇಕಾದರೂ ಹೇಳಬಹುದಿತ್ತು.

ಅದು ಬಂದೇ ಬಿಟ್ಟಿತು. ಎಡಗೈಯಲ್ಲಿ ಬರೆಯಲು ಒಂದು ವರ್ಷ ಹೆಣಗಿದ ಹುಡುಗಿ ಅದು ಬರದಿದ್ದಾಗ ಬಲಗೈಗೇ ತನ್ನದೊಂದು ದಾರಿ ಮಾಡಿಕೊಂಡಿದ್ದಳು. ಬೆರಳು ಪೆನ್ನು ಹಿಡಿದಿರುತ್ತವೆ, ಭುಜ ಇಡೀ ಕೈಯನ್ನು ತಳ್ಳುತ್ತದೆ. ಹೀಗೆ ಒಂದೊಂದು ಸಾಲಿಗೂ ಮೊಣಕೈಯಿಂದ ಮಣಿಕಟ್ಟಿನವರೆಗೆ ತೋಳನ್ನು ಹಲಗೆಯ ಮೇಲೆ ಎಳೆದುಕೊಂಡು ಹೋಗಬೇಕು. ಅಂಗಡಿಯಲ್ಲಿ ಸಿಗುವ ಬರೆಯುವ ರಟ್ಟು ಅವಳಿಗೆ ಸಾಲುವುದಿಲ್ಲ, ಮೊಣಕೈ ಹೊರಗೆ ಬೀಳುತ್ತದೆ. ಶಾಲೆಯ ಡೆಸ್ಕಿನ ಮೇಲೆ ಬರೆದರೆ ನಾಲ್ಕನೇ ಪುಟಕ್ಕೆ ಚರ್ಮ ಕಿತ್ತು ಬರುತ್ತದೆ. ಜನವರಿಯ ಪರೀಕ್ಷೆಯಲ್ಲಿ ಗೊತ್ತಿದ್ದ ಎರಡು ಪ್ರಶ್ನೆಗಳನ್ನು ಬಿಟ್ಟು ಎದ್ದು ಬಂದಿದ್ದಳು. ಉತ್ತರ ಪತ್ರಿಕೆಯ ಅಂಚಿಗೆ ರಕ್ತ ಹತ್ತಿತ್ತು. “ಉರೀತದ ಯವ್ವಾ” ಎಂದಷ್ಟೇ ಹೇಳಿದಳು. ದೊಡ್ಡ ಪರೀಕ್ಷೆಯಲ್ಲಿಯೂ ಹೀಗೆಯೇ ಎದ್ದು ಬಂದರೆ ಹತ್ತು ವರ್ಷದ ಓದು ತೋಳಿನ ಚರ್ಮಕ್ಕೆ ಸೋತಂತೆ. ಸ್ವಂತ ಹಲಗೆ ತರಲು ಹೆಡ್‌ಮಾಸ್ತರರು ಒಪ್ಪಿಗೆ ಕೊಡಿಸಿದರು.

ನನ್ನ ಗಂಡ ಅಮೋಘಸಿದ್ದ ಬೇವಿನ ಎರಡು ಹಲಗೆ ಕೊಯ್ದು, ಕೀಸುಳಿ ಹೊಡೆದು, ಜೋಡಿಸಿ ಕೊಟ್ಟು ಕುರಿ ಹಿಂಡಿನ ಜೊತೆ ಕೊಡೇಕಲ್ ಕಡೆಗೆ ಹೋದ. ಕಾಲುವೆ ಕೆಳಗಿನ ಹೊಲದವರು ಭತ್ತ ಕೊಯ್ದ ಮೇಲೆ ಗೊಬ್ಬರಕ್ಕೆಂದು ಹೊಲದಲ್ಲಿ ಕುರಿ ತರುಬಿ ನಿಲ್ಲಿಸಿಕೊಳ್ಳುತ್ತಾರೆ. ಆ ಕೆಲಸ ಮುಗಿಯದೆ ಅವನು ಬರುವವನಲ್ಲ. ಬಣ್ಣದ ಕೆಲಸ ನನ್ನ ಪಾಲಿಗೆ ಬಂತು. ನಾನು ನಡೆಸುವ ಅಂಗನವಾಡಿಯ ಗೋಡೆಗೆ ಗಿಳಿ, ಮಾವಿನಹಣ್ಣು ಬರೆದವಳು ನಾನೇ. ಒಂದು ಹಲಗೆ ಏನು ಮಹಾ ಎಂದುಕೊಂಡೆ.

ಹಸಿರು ಬಣ್ಣ ಮದೀನಾಬೀ ಕೊಟ್ಟಳು. ಕಾಲುವೆ ಬಂದ ಮೇಲೆ ನಮ್ಮ ಕಡೆ ಟ್ರ್ಯಾಕ್ಟರು ಬಂದವು, ಟ್ರ್ಯಾಕ್ಟರಿನ ಹಿಂದೆ ಟ್ರಾಲಿ ಬಂದವು, ಟ್ರಾಲಿಗೆ ಬಣ್ಣ ಹೊಡೆಯುವವರು ಬಂದರು. ಮದೀನಾಬೀಯ ಗಂಡ ಅಂಥವನೊಬ್ಬ. ಅವನು ತೀರಿಕೊಂಡ ಮೇಲೆ ಸುರಪುರ ರಸ್ತೆಯ ಅದೇ ತಗಡಿನ ಶೆಡ್ಡಿನಲ್ಲಿ ಇವಳು ಬ್ರಷ್ ಹಿಡಿದಳು. ಅವಳ ಮೊಮ್ಮಗ ನನ್ನ ಅಂಗನವಾಡಿಗೆ ಬರುತ್ತಾನೆ. ಡಬ್ಬಿಯ ತಳದಲ್ಲಿ ಉಳಿದಿದ್ದನ್ನು ಕೊಡುತ್ತಾ, “ಮೊದಲ ಚಂದಾಗಿ ಒರಸು” ಎಂದಿದ್ದಳು. ಅಷ್ಟೇ ಹೇಳಿದ್ದಳು.

ಒರೆಸುವ ಕೆಲಸಕ್ಕೆ ನಮ್ಮತ್ತೆ ಮಲಕಮ್ಮ ಎದ್ದಳು. ನಮ್ಮದು ಕುರಿ ಕಾಯುವ ಮನೆ. ಹೊಸದು ಏನೇ ಬರಲಿ, ಅದಕ್ಕೆ ಮೊದಲು ಕಂಬಳಿ ಮುಟ್ಟಬೇಕು. ಹುಟ್ಟಿದ ಕೂಸಿಗೂ ಕಂಬಳಿ, ಹೊಸ ಪೆಟ್ಟಿಗೆಗೂ ಕಂಬಳಿ. ಅತ್ತೆ ಆ ವಾರವಷ್ಟೇ ಮಗ್ಗದಿಂದ ಇಳಿದ, ಇನ್ನೂ ನೀರು ಕಾಣದ ಕಂಬಳಿಯ ತುಂಡು ತಂದು, ಕುಲದೇವರು ಬೀರಪ್ಪನ ಹೆಸರು ಹೇಳಿ, ಹಲಗೆಯನ್ನು ಗಸಗಸ ತಿಕ್ಕಿದಳು. ಬೇವಿಗೆ ಹೊಳಪೇ ಬಂತು.

“ನೋಡು, ಬಣ್ಣ ಯಾಕ ಬೇಕು ಇದಕ್ಕ!” ಎಂದಳು.

ನಾನು ಬಣ್ಣ ಹಚ್ಚಿದೆ. ಬ್ರಷ್ ಎತ್ತುವಷ್ಟರಲ್ಲಿ ಬಣ್ಣ ಸರಿಯತೊಡಗಿತು. ಬಿಸಿ ಹಂಚಿನ ಮೇಲೆ ನೀರು ಓಡಿದ ಹಾಗೆ ಅಲ್ಲಲ್ಲಿ ದುಂಡಗೆ ಸರಿದು ತೂತು ಬಿಟ್ಟಿತು. ಮತ್ತೆ ಮೇಲೆ ಹಚ್ಚಿದೆ, ಮತ್ತೆ ಸರಿಯಿತು. ಮರುದಿನ ಒಣಗಿದ ಹಲಗೆ ದೇವಿ ಬಂದು ಸಿಡುಬಿನ ಕಲೆ ಬಿದ್ದ ಮುಖದಂತಿತ್ತು, ಮೈತುಂಬ ಗುಳಿ, ಗುಳಿಯ ಸುತ್ತ ಏರು. ಪರೀಕ್ಷೆಗೆ ಹನ್ನೆರಡು ದಿನ ಉಳಿದಿದ್ದವು.

ಹಲಗೆ ಹೊತ್ತುಕೊಂಡು ಮದೀನಾಬೀಯ ಶೆಡ್ಡಿಗೆ ಹೋದೆ. ಅವಳು ಬೆರಳಾಡಿಸಿದಳು, ಮೂಸಿದಳು, ನನ್ನ ಮುಖ ನೋಡಿದಳು.

“ತೌಬಾ ತೌಬಾ! ಯಾತರಲೆ ಒರಸಿದಿ ಇದನ್ನ?”

“ಕಂಬಳಿಲೆ.”

“ಕುರಿ ಮೈಯಾಗ ಎಷ್ಟು ಜಿಡ್ಡು ಇರತದ, ಕುರುಬರಾಕಿಗಿ ನಾ ಹೇಳಬೇಕೇನು? ಜಿಡ್ಡಿನ ಮ್ಯಾಲ ಬಣ್ಣ ಕುಂದರತದೇನು? ನೀ ಹಲಿಗಿಗಿ ಬಣ್ಣ ಹಚ್ಚಿಲ್ಲವ್ವಾ, ಕುರಿಗಿ ಹಚ್ಚೀದಿ.”

ಅಳು ಬಂದಿತ್ತು, ಆದರೂ ನಕ್ಕುಬಿಟ್ಟೆ. “ಈಗ ಏನು ಮಾಡ್ಲಿ?”

“ಕೆರಿ. ಕಟಿಗಿ ಕಾಣೂತನಕ ಕೆರಿ.”

ಎರಡು ದಿನ ಕೆರೆದೆ. ಅಂಗನವಾಡಿಯ ಮಕ್ಕಳನ್ನು ಮನೆಗೆ ಕಳಿಸಿ, ರಿಜಿಸ್ಟರು ಬರೆದು, ಬಂದು ಕೆರೆದೆ. ಗಾಜಿನ ಚೂರಿನಿಂದ ಬಣ್ಣ ಎಬ್ಬಿಸಿದೆ, ಟರ್ಪೆಂಟೈನ್‌ನಲ್ಲಿ ಅದ್ದಿದ ಅರಳೆಯಿಂದ ಜಿಡ್ಡು ತೆಗೆದೆ. ಅರಳೆ ಕಪ್ಪಾದರೆ ಬಿಸಾಡಿ ಬೇರೆ ತೆಗೆದುಕೊಂಡೆ. ಕೊನೆಯ ಅರಳೆ ಬೆಳ್ಳಗೇ ಉಳಿಯಿತು. ಅತ್ತೆ ಹತ್ತಿರ ಬರದೆ ದೂರ ಕುಳಿತು ನೋಡುತ್ತಿದ್ದಳು. ತನ್ನಿಂದ ಆದ ತಪ್ಪು ಎಂದು ಅವಳು ಬಾಯಿ ಬಿಟ್ಟು ಹೇಳಲಿಲ್ಲ. ಆದರೆ ಎರಡು ಹಲಗೆ ಕೂಡಿದ ಸಂದಿನಲ್ಲಿ ನನ್ನ ಉಗುರು ಸಿಕ್ಕಿದ್ದನ್ನು ಕಂಡಳು.

“ಇದಕ್ಕ ಏನು ತುಂಬತಿ?”

“ಮದೀನಾಬೀ ಲಪ್ಪ ಅಂತ ಏನೋ ಮೆತ್ತಬೇಕು ಅಂದಾಳ. ಅಂಗಡ್ಯಾಗ ಸಿಗಲಿಲ್ಲ.”

ಅತ್ತೆ ಎದ್ದು ಒಳಗೆ ಹೋಗಿ, ಕಂಬಳಿಗೆ ಗಂಜಿ ಕೊಡಲು ಕುದಿಸಿಟ್ಟಿದ್ದ ಹುಣಸೆ ಬೀಜದ ಅಂಟು ಸರಿ ತಂದಳು. ಹಲಗೆ ಕೊಯ್ದಾಗ ಬಿದ್ದ ಬೇವಿನ ಹೊಟ್ಟನ್ನು ಅರಿವೆಯಲ್ಲಿ ಸೋಸಿ ಅದಕ್ಕೆ ಕಲಸಿ, ಹೆಬ್ಬೆರಳಿನಿಂದ ಸಂದಿಗೆ ಒತ್ತಿದಳು. ಮರದ ಸಣ್ಣ ಸಣ್ಣ ರಂಧ್ರಗಳಿಗೂ ತೆಳ್ಳಗೆ ಸವರಿದಳು. ಒಣಗಿದ ಮೇಲೆ ಉಪ್ಪಿನಕಾಗದ ತಿಕ್ಕಿದರೆ ಸಂದು ಎಲ್ಲಿತ್ತೋ ತಿಳಿಯಲಿಲ್ಲ. ಮದೀನಾಬೀ ಅದನ್ನು ನೋಡಿ, “ಯಾರು ಮಾಡಿದ್ರು ಇದನ್ನ?” ಎಂದಳು.

“ನಮ್ಮತ್ತಿ.”

“ಕಂಬಳಿ ತಪ್ಪು ಮಾಫ್ ಆತು ಅಂತ ಹೇಳು ಆಕಿಗಿ.”

ಹೇಳಿದೆ. ಅತ್ತೆ, “ಆಕಿ ಯಾವಾಕಿ ನನ್ನ ಮಾಫ್ ಮಾಡಾಕಿ?” ಎಂದು ಬೈದಳು. ಮರುದಿನ ನನ್ನ ಕೈಯಲ್ಲಿ ಮದೀನಾಬೀಗೆ ಒಂದು ಚರಿಗೆ ಮಜ್ಜಿಗೆ ಕಳಿಸಿದಳು.

ಈ ಸಲ ಶೆಡ್ಡಿನಲ್ಲೇ, ಮದೀನಾಬೀಯ ಕಣ್ಣ ಮುಂದೆ ಹಚ್ಚಿದೆ. ಬಣ್ಣವನ್ನು ಹಳೆಯ ವಾಯಿಲ್ ಸೀರೆಯ ತುಂಡಿನಲ್ಲಿ ಸೋಸಿಸಿದಳು. ನೆಲಕ್ಕೆ ನೀರು ಹೊಡೆಸಿದಳು, ಧೂಳು ಏಳಬಾರದೆಂದು. ಹಚ್ಚುವುದು ಬೆಳಿಗ್ಗೆ ಮಾತ್ರ. ಸಂಜೆಯಾದರೆ ಭತ್ತದ ಗದ್ದೆಯ ಹಸಿರು ಹುಳ ದೀಪಕ್ಕೆ ಬಂದು ಹಸಿ ಬಣ್ಣದ ಮೇಲೆ ಕೂರುತ್ತವೆ. “ಒಂದು ಟ್ರಾಲಿ ಪೂರಾ ಹುಳದ ಸಂಗಾಟ ಕೊಟ್ಟೀನಿ ನಾ. ಡಿಸೈನ್ ಅಂತ ತಿಳಕೊಂಡ ಒಯ್ದ ಅಂವ” ಎಂದು ನಕ್ಕಳು. ಒಂದು ತೆಳು ಕೈ ಬಣ್ಣ, ಒಂದು ದಿನ ಬಿಟ್ಟು, ಹಗುರವಾಗಿ ತಿಕ್ಕಿ, ಇನ್ನೊಂದು ತೆಳು ಕೈ. ದಪ್ಪ ಹಚ್ಚಲು ನನ್ನ ಕೈ ಹೋದಾಗಲೆಲ್ಲ ಅವಳು ಬ್ರಷ್ಷಿನ ಹಿಡಿಯಿಂದ ನನ್ನ ಗೆಣ್ಣಿಗೆ ಹೊಡೆದಳು.

ಮೂರನೇ ಕೈ ಒಣಗಿ ಗಟ್ಟಿಯಾದ ದಿನ ಹಲಗೆಯಲ್ಲಿ ತಗಡಿನ ಚಾವಣಿ ಕಂಡಿತು. ಬಗ್ಗಿದೆ, ನನ್ನ ಮುಖ ಕಂಡಿತು. ಒಂಬತ್ತು ವರ್ಷ ಎಲ್ಲಿಯೋ ಇಟ್ಟು ಮರೆತಿದ್ದ ಮಾತು ಆ ಹಸಿರಿನಲ್ಲಿ ಎದುರಿಗೇ ಬಂದಿತ್ತು. ನನ್ನ ಕೈಯಿಂದ ಇಷ್ಟು ಚಂದದ್ದು ಇದುವರೆಗೆ ಆಗಿರಲಿಲ್ಲ.

ಅಂಬವ್ವನನ್ನು ಕರೆಸಿದೆ. ಅವಳು ಮೊದಲು ಮುಖ ನೋಡಿಕೊಂಡಳು, ಹಲ್ಲು ನೋಡಿಕೊಂಡಳು, ಆಮೇಲೆ ಬರೆಯಲು ಕುಳಿತಳು. ಮಾರ್ಚಿ ತಿಂಗಳ ಮಧ್ಯಾಹ್ನ, ತಗಡಿನ ಕೆಳಗೆ. ನಾಲ್ಕು ಸಾಲು ಬರೆಯುವಷ್ಟರಲ್ಲಿ ಭುಜ ತಳ್ಳಿತು, ತೋಳು ಬರಲಿಲ್ಲ. ಬೆವರಿದ ಚರ್ಮ ಬಣ್ಣಕ್ಕೆ ಅಂಟಿಕೊಂಡಿತ್ತು. ಬಿಡಿಸಿದರೆ ಚಟ್ ಎಂದು ಸದ್ದು. ಇನ್ನೊಂದು ಸಾಲು, ಮತ್ತೆ ಚಟ್.

“ಆಗತದ ಬಿಡು ಯವ್ವಾ. ಚಂದ ಅದ” ಎಂದಳು. ನನ್ನ ಸಲುವಾಗಿ ಹೇಳುತ್ತಿದ್ದಾಳೆ ಎಂದು ಗೊತ್ತಾಯಿತು.

ಮದೀನಾಬೀ ಅವಳ ತೋಳು ಎತ್ತಿ ಕೆಳಭಾಗ ನೋಡಿದಳು. ಕೆಂಪಾಗಿತ್ತು. ಬಕೇಟಿನಲ್ಲಿ ಸೋಪಿನ ನೀರು, ಸವೆದ ಸಣ್ಣ ಉಪ್ಪಿನಕಾಗದ ತಂದಿಟ್ಟಳು.

“ತಿಕ್ಕು.”

“ಏನು ತಿಕ್ಕು? ಮಿಂಚು ಹೋಗತದಲ್ಲ!”

“ಹೋಗಲಿ.”

“ಮದೀನಾಬೀ, ಮಾರಿ ಕಾಣಾಕತ್ತದ ಇದರಾಗ. ನಾ ಮಾತು ಕೊಟ್ಟೀನಿ.”

“ಮಿಂಚೋದು ಬ್ಯಾರೆ, ಜಾರೋದು ಬ್ಯಾರೆ. ಪೋರಿಗಿ ಕನ್ನಡಿ ಬೇಕಾಗ್ಯಾದೋ, ಹಲಿಗಿ ಬೇಕಾಗ್ಯಾದೋ? ಕನ್ನಡಿ ಬೇಕಂದ್ರ ಟ್ರ್ಯಾಕ್ಟರಿಂದು ಒಂದು ಕಿತ್ತು ಕೊಡ್ತೀನಿ.”

ನಾನು ಕಾಗದ ಮುಟ್ಟಲಿಲ್ಲ. ಅಂಬವ್ವ ನನ್ನನ್ನು ನೋಡಿದಳು. “ಯವ್ವಾ, ನನ್ನ ಮಾರಿ ನನಗ ಗೊತ್ತದ. ತಿಕ್ಕು” ಎಂದಳು.

ತಿಕ್ಕಿದೆ. ಸೋಪಿನ ನೀರು ಹಸಿರಾಗಿ ಹರಿಯಿತು. ಮೊದಲು ಚಾವಣಿ ಮಸುಕಾಯಿತು, ಆಮೇಲೆ ಬೆಳಕು ಮಾತ್ರ ಉಳಿಯಿತು, ಕೊನೆಗೆ ಅದೂ ಹೋಯಿತು. ತಿಕ್ಕಿದ್ದು ಒಂದೇ ದಿಕ್ಕಿಗೆ, ಅವಳ ತೋಳು ಹೋಗುವ ದಿಕ್ಕಿಗೆ, ಎಡದಿಂದ ಬಲಕ್ಕೆ. ಬ್ರಷ್ಷಿನ ಕೂದಲೆಳೆಯಷ್ಟಿದ್ದ ಗೆರೆಗಳೂ ಮಾಯವಾದವು. ತೊಳೆದು, ಒರೆಸಿ, ಒಣಗಿಸಿದರೆ ಹಲಗೆ ಬಾಳೆ ಎಲೆಯ ಬೆನ್ನಿನಂತೆ ಮಂಕಾಗಿತ್ತು. ಕಣ್ಣು ಮುಚ್ಚಿ ಅಂಗೈ ಇಟ್ಟೆ. ಅಂಗೈ ನಿಲ್ಲಲಿಲ್ಲ, ತಾನಾಗಿಯೇ ಅಂಚಿನ ತನಕ ಹೋಯಿತು.

ಅಂಬವ್ವ ಅದೇ ಬಿಸಿಲಿನಲ್ಲಿ ಕುಳಿತು ಆರು ಪುಟ ಬರೆದಳು. ಮದೀನಾಬೀ ಅಷ್ಟೂ ಹೊತ್ತು ತನ್ನ ಟ್ರಾಲಿಯ ಕೆಲಸ ಬಿಟ್ಟು, ಬ್ರಷ್ ಒಣಗಿ ಗಟ್ಟಿಯಾಗುತ್ತಿದ್ದರೂ ಏಳದೆ, ಆ ತೋಳು ಹೋಗಿ ಬರುವುದನ್ನೇ ನೋಡುತ್ತಿದ್ದಳು.

ಪರೀಕ್ಷೆಯ ಮೊದಲ ದಿನ ಅತ್ತೆ ಹಲಗೆಯನ್ನು ಹಳೆಯ ಧೋತರದಲ್ಲಿ ಸುತ್ತಿ ಕೊಟ್ಟಳು. ಕಂಬಳಿಯಲ್ಲಿ ಅಲ್ಲ. ನಾನು ಶಾಲೆಯ ಕಾಂಪೌಂಡಿನ ಹೊರಗೆ, ಹುಣಸೆ ಮರದ ಕೆಳಗೆ, ಮೂರು ತಾಸು ನಿಂತೆ. ಬೇರೆ ಮಕ್ಕಳು ಬಂದರು, ಅವಳು ಬರಲಿಲ್ಲ. ಗೇಟಿನ ತನಕ ಹೋಗಿ ಇಣುಕಿದೆ. ಎಲ್ಲರಿಗಿಂತ ಕೊನೆಗೆ ಹಲಗೆ ಕಂಕುಳಲ್ಲಿಟ್ಟುಕೊಂಡು ಬಂದಳು.

“ಯಾಕ ಇಷ್ಟೊತ್ತು?”

“ಗಂಟಿ ಹೊಡಿಯೋ ತನಕ ಬರದೆ. ಎಕ್ಸ್‌ಟ್ರಾ ಹಾಳಿ ತಗೊಂಡೆ ಯವ್ವಾ, ಎರಡು!”

“ಕೈ?”

ತೋಳು ತಿರುಗಿಸಿ ತೋರಿಸಿದಳು. ಎಲ್ಲಿಯೂ ಕೆಂಪಿಲ್ಲ, ಒಂದು ಗೀರಿಲ್ಲ. “ಸೂಪರ್‌ವೈಜರ್ ಬಂದು ಹಲಿಗಿ ಮ್ಯಾಲ ಕೈಯಾಡಿಸಿ, ಯಾವ ಅಂಗಡ್ಯಾಗ ತಗೊಂಡಿ ಅಂದ್ರು. ನಮ್ಮವ್ವನ ಅಂಗಡಿ ಅಂದೆ.”

ಉಳಿದ ಐದೂ ಪರೀಕ್ಷೆಗಳನ್ನು ಅವಳು ಹಾಗೆಯೇ ಬರೆದಳು. ಒಂದು ಪ್ರಶ್ನೆಯನ್ನೂ ಕೈಯ ಸಲುವಾಗಿ ಬಿಡಲಿಲ್ಲ. ಹೊಲ ಹೊಲ ತಿರುಗುವ ಮುಂಚೆ ಬೇವನ್ನು ಕೀಸಿ ಕೊಟ್ಟವನಿಗೆ, ಹುಣಸೆ ಬೀಜದ ಸರಿಯಿಂದ ಸಂದು ತುಂಬಿದವಳಿಗೆ, ನನ್ನ ಗೆಣ್ಣಿಗೆ ಹೊಡೆದು ಕಲಿಸಿದವಳಿಗೆ ನಾನು ಕೈ ಮುಗಿಯುತ್ತೇನೆ. ನನ್ನ ಹೆಮ್ಮೆಯನ್ನು ತಿಕ್ಕಿ ತೆಗೆ ಎಂದ ಮಗಳಿಗೆ ಎಲ್ಲರಿಗಿಂತ ಹೆಚ್ಚು.

ಹಲಗೆಯಲ್ಲಿ ಮುಖ ಕಾಣುವುದಿಲ್ಲ. ನಾನು ಕೊಟ್ಟ ಮಾತು ತಪ್ಪಿದೆ.