ಅರ್ಧಕ್ಕೆ ಬಿಟ್ಟ ಮಾತ್ರೆ

ತಾಳ್ಯದ ಕುರಿ ಸಾಕುವ ಮನೆಯ ಚಿತ್ತಮ್ಮನಿಗೆ ಸೊಂಟದ ಮೇಲೆ ಕುರು ಎದ್ದಿತು. ನರ್ಸ್ ಕಮಲಮ್ಮ ಪೆನ್ಸಿಲಿನ್ ಮಾತ್ರೆ ಕೊಟ್ಟು, ‘ಹಿಂಡಬ್ಯಾಡ್ರಿ. ಮುಟ್ಟಿದ್ರೆ ಸೋಪು ಹಾಕಿ ಕೈ ತೊಳ್ಕಳ್ರಿ. ನೋವು ಹೋದ್ರೂ ಮಾತ್ರೆ ಪೂರ್ತಿ ನುಂಗ್ರಿ’ ಎಂದಿದ್ದರು.

ನೋವು ಇಳಿಯಿತು. ಚಿತ್ತಮ್ಮ ಉಳಿದ ಮಾತ್ರೆಗಳನ್ನು ಗೋಡೆಯ ಗೂಡಿನಲ್ಲಿಟ್ಟಳು. ಕುರು ಮತ್ತೆ ಕೆಂಪೇರಿದಾಗ ತಾನೇ ಹಿಂಡಿ, ಸೆರಗಿಗೆ ಕೈ ಒರೆಸಿಕೊಂಡು, ವಾರಗಿತ್ತಿ ಕೆಂಚಕ್ಕನ ಕೂಸಿಗೆ ನೀರೆರೆದಳು. ಬಾಣಂತಿಯ ಆರೈಕೆಯೆಲ್ಲ ಅವಳದೇ.

ಸ್ವಲ್ಪ ದಿನಕ್ಕೆ ಕೆಂಚಕ್ಕನ ಎದೆ ಬಾತು ಕಲ್ಲಿನಂತಾಯಿತು. ಚಳಿಜ್ವರ ಹಿಡಿಯಿತು.

‘ಆಸ್ಪತ್ರೆಗೆ ಹೋಗಾಣ’ ಎಂದ ಅವಳ ಗಂಡ ಜುಂಜಯ್ಯ.

‘ಬಾಣಂತೀನ ಬಸ್ಸಿನಾಗೆ ಎಳ್ಕಂಡು ಹೋಗ್ತೀಯೇನಪ್ಪ? ನನ್ನ ಮಾತ್ರೆ ಅವೆ. ನನ್ನ ನೋವು ಇಳೀಲಿಲ್ವಾ?’ ಎಂದಳು ಚಿತ್ತಮ್ಮ.

ಕೆಂಚಕ್ಕ ನುಂಗಿದಳು. ಜ್ವರ ಏರುತ್ತಲೇ ಹೋಯಿತು. ಅವಳು ಏನೇನೋ ಬಡಬಡಿಸತೊಡಗಿದಾಗ ಚಿತ್ರದುರ್ಗದ ಆಸ್ಪತ್ರೆಗೆ ಸೇರಿಸಿದರು.

ಡಾಕ್ಟರು ಎದೆ ಕೊಯ್ದು ಕೀವು ತೆಗೆದರು. ಕೀವಿನ ಪರೀಕ್ಷೆಯ ಫಲಿತಾಂಶ ಬಂದ ಮೇಲೆ ಹೇಳಿದರು: ‘ಇದು ಸ್ಟ್ಯಾಫ್ ಅನ್ನೋ ಕ್ರಿಮಿ. ರಕ್ತಕ್ಕೆ ಸೇರಿಬಿಟ್ಟಿದೆ. ಪೆನ್ಸಿಲಿನ್‌ಗೆ ಸಾಯ್ತಾ ಇಲ್ಲ. ಮನೇಲಿ ಯಾರಿಗಾದ್ರೂ ಕುರು ಆಗಿತ್ತಾ?’

ಚಿತ್ತಮ್ಮ ಮುಂದೆ ಬಂದಳು. ‘ನನಗೇ ಸ್ವಾಮಿ.’

‘ಮಾತ್ರೆ ಪೂರ್ತಿ ತಗೊಂಡ್ರಾ?’

ಅವಳು ತಲೆಯಾಡಿಸಿದಳು, ಇಲ್ಲವೆಂದು.

‘ಅರ್ಧಕ್ಕೆ ಬಿಟ್ಟರೆ ಗಟ್ಟಿ ಕ್ರಿಮಿಗಳು ಉಳ್ಕೊಂಡು ಬೆಳೀತವೆ. ಕೈಯಿಂದ ಇನ್ನೊಬ್ಬರಿಗೆ ದಾಟ್ತವೆ.’

‘ಬ್ಯಾರೆ ಔಷಧಿ ಇಲ್ವಾ ಸ್ವಾಮಿ?’ ಎಂದು ಕೇಳಿದ ಜುಂಜಯ್ಯ.

‘ಇಂಥ ಕ್ರಿಮಿಗೆ ಅಂತಲೇ ಔಷಧಿ ಕಂಪನಿಯವರು ಹೊಸದು ಮಾಡಿದ್ದಾರೆ. ಇಲ್ಲಿನ ಅಂಗಡಿಗಳಲ್ಲಿಲ್ಲ, ದಾವಣಗೆರೆಯಲ್ಲಿ ಸಿಗಬಹುದು. ಅದನ್ನೂ ಹಿಂಗೇ ಅರೆಬರೆ ನುಂಗಿದ್ರೆ ಅದೂ ಕೆಲಸಕ್ಕೆ ಬರಲ್ಲ. ಇನ್ನೊಂದನ್ನ ಹುಡುಕೋಕೆ ಕಂಪನಿಯವರಿಗೂ ವರ್ಷಗಟ್ಟಲೆ ಬೇಕು.’

ಜುಂಜಯ್ಯ ಚಿಕ್ಕಜಾಜೂರಿನಲ್ಲಿ ರೈಲು ಬದಲಿಸಿ ದಾವಣಗೆರೆಗೆ ಹೋಗಿ ಔಷಧಿ ತಂದ. ಸೂಜಿ ಹಾಕಿದರು. ಆದರೆ ಹೊತ್ತು ಮೀರಿತ್ತು. ಕೂಸೆಲ್ಲಿ, ಕೂಸೆಲ್ಲಿ ಎಂದು ಕೇಳುತ್ತಲೇ ಕೆಂಚಕ್ಕ ಕಣ್ಣು ಮುಚ್ಚಿದಳು.

ಚಿತ್ತಮ್ಮ ಈಗ ಬಟ್ಟೆಯ ಬತ್ತಿ ಅದ್ದಿ ಕೂಸಿಗೆ ಮೇಕೆಹಾಲು ಕುಡಿಸುತ್ತಾಳೆ. ಅದು ತಾಯ ಎದೆಗಾಗಿ ತಡಕುತ್ತದೆ. ಕೈ ತೊಳೆಯದೆ ಅವಳು ಅದನ್ನು ಮುಟ್ಟುವುದಿಲ್ಲ.

ಮುಂದೊಮ್ಮೆ ಉಣ್ಣೆ ಕತ್ತರಿಸುವಾಗ ಜುಂಜಯ್ಯನ ಕೈಗೆ ಗಾಯವಾಗಿ ಕೀವು ತುಂಬಿತು. ಡಾಕ್ಟರು ಮಾತ್ರೆ ಕೊಟ್ಟರು. ಬಾವು ಇಳಿದದ್ದೇ ಅವನು ಕಂಬಳಿ ಹೆಗಲಿಗೆ ಹಾಕಿದ.

‘ಕೈ ವಾಸಿಯಾತು ಅತ್ತಿಗೆ, ಕುರಿ ಹೊಡ್ಕಂಡು ಹೋಗ್ತೀನಿ.’

‘ಮಾತ್ರೆ ಇನ್ನೂ ಅವೆ.’

‘ನೋವೇ ಇಲ್ವಲ್ಲ.’

‘ನನಗೂ ನೋವಿರಲಿಲ್ಲ ಕಣಪ್ಪ’ ಎಂದಳು ಚಿತ್ತಮ್ಮ.

ಜುಂಜಯ್ಯ ಕಂಬಳಿ ಇಳಿಸಿ ಮಾತ್ರೆಗೆ ಕೈ ಚಾಚಿದ.

ಓದುವ ತಾಯಂದಿರೇ, ಓದಿಸಿ ಕೇಳುವ ಅಣ್ಣಂದಿರೇ, ಕುರುವನ್ನು ಹಿಂಡಬೇಡಿ. ಸೋಪು ಹಚ್ಚಿ ಕೈ ತೊಳೆಯಿರಿ. ಡಾಕ್ಟರು ಹೇಳಿದಷ್ಟು ದಿನವೂ ಮಾತ್ರೆ ನುಂಗಿ. ನಿಮ್ಮ ಮಾತ್ರೆಯನ್ನು, ಎಷ್ಟೇ ಪ್ರೀತಿಯಿದ್ದರೂ, ಇನ್ನೊಬ್ಬರಿಗೆ ಕೊಡಬೇಡಿ. ಚಿತ್ತಮ್ಮನಿಗೂ ಕೆಂಚಕ್ಕನ ಮೇಲೆ ಪ್ರೀತಿ ಕಡಿಮೆಯಿರಲಿಲ್ಲ.