ಸಡಿಲ ಬೆರಳಿನ ಚೆಂಡು

ಆಟೋ ನಗರದಲ್ಲಿ ಇಪ್ಪತ್ತೆಂಟು ವರ್ಷದಿಂದ ಲೇತ್ ಮಷಿನ್ ಮುಂದೆ ನಿಂತವನು ನಾನು. ಅಲುಗಾಡುವ ಭಾಗ ಕಂಡರೆ ಮೈ ಉರಿಯುತ್ತದೆ. ನನ್ನ ವರ್ಕ್‌ಶಾಪಿನಿಂದ ಹೊರಬಿದ್ದ ಯಾವ ಸಾಮಾನೂ ಇವತ್ತಿನವರೆಗೆ ಗಡಗಡ ಅಂದಿಲ್ಲ. ಬ್ರಾಹ್ಮಿ ತಂದ ಕೆಲಸದಲ್ಲಿ ನಾನು ಮಣ್ಣು ಮುಕ್ಕಿದ್ದು ಅದಕ್ಕೇ.

ಬ್ರಾಹ್ಮಿ ನನ್ನ ಗೆಳೆಯ ಉತ್ತಮನ ಮಗಳು, ಶಿವಬಸವ ನಗರದವಳು. ಖಾನಾಪುರದ ಕಡೆ ದನದ ಡಾಕ್ಟರ್. ಒಂದು ಸೋಮವಾರ ಬೆಳಿಗ್ಗೆ ಚಿತ್ರವೊಂದನ್ನು ಹಿಡಿದು ಬಂದಳು.

"ಮಧು ಕಾಕಾ, ಕಾಲುಬಾಯಿ ಬ್ಯಾನಿ ವೈರಸ್ ಮಾಡಿಕೊಡ್ರಿ."

"ಯಾಕವಾ, ಇದ್ದದ್ದು ಸಾಲವಲ್ದೇನು?"

ಅವಳು ನಗಲಿಲ್ಲ. "ನಿಮ್ಮ ಅಕ್ಕನ ಸಲುವಾಗಿ ರೀ. ಬಾಜು ಊರಾಗ ಬ್ಯಾನಿ ಬಂದೈತಿ. ಗಂಗೂ ಮಾವಶಿ ಸೂಜಿ ಮಾಡಸಾಕ ಒಲ್ಲೆ ಅಂತಾರ. ಅವರು ಒಲ್ಲೆ ಅಂದ್ರ ಓಣಿಗೆ ಓಣಿನೇ ಒಲ್ಲೆ ಅಂತೈತಿ. ಎಷ್ಟ್ ಹೇಳಿದ್ರೂ ಕೇಳವಲ್ರು. ಕಣ್ಣಿಗೆ ತೋರಿಸಿದ್ರ ಕೇಳಬಹುದು."

ನನ್ನ ಅಕ್ಕ ಗಂಗೂಬಾಯಿ ಖಾನಾಪುರದ ಕಡೆಯ ನಮ್ಮ ಊರಲ್ಲಿ ನಾಲ್ಕು ಎಮ್ಮೆಗಳ ಮೇಲೆ ಮನೆ ನಡೆಸುವವಳು. ಹೋದ ವರ್ಷ ಲಸಿಕೆ ಹಾಕಿಸಿದ ಮೇಲೆ ನಾಲ್ಕು ದಿನ ಹಾಲು ಕಡಿಮೆಯಾಯಿತಂತೆ. ಅಂದಿನಿಂದ ಡಾಕ್ಟರ್ ಕಂಡರೆ ಕೊಟ್ಟಿಗೆಯ ಬಾಗಿಲು ಹಾಕುತ್ತಾಳೆ. ನಾನೂ ಫೋನ್ ಮಾಡಿ ಹೇಳಿ, ಬೈಸಿಕೊಂಡು ಸುಮ್ಮನಾಗಿದ್ದೆ. ಆ ಬೇನೆ ಹೊಕ್ಕರೆ ಬಾಯಿ ತುಂಬ ಹುಣ್ಣು, ಗೊರಸು ಕೊಳೆತು, ಎಮ್ಮೆ ನಿಂತಲ್ಲೇ ಕುಸಿಯುತ್ತದೆ.

ಚಿತ್ರ ನೋಡಿ ನಾನು ಬೆರಗಾದೆ. ಒಂದು ಕೂದಲಿನ ಅಗಲಕ್ಕೆ ಎರಡು ಸಾವಿರಕ್ಕೂ ಹೆಚ್ಚು ಹಿಡಿಯುವ ಆ ಚೆಂಡಿಗೆ ಇರುವುದು ನಾಲ್ಕೇ ನಮೂನೆಯ ಭಾಗ, ಒಂದೊಂದೂ ಅರವತ್ತರಂತೆ. ನಟ್ಟಿಲ್ಲ, ಬೋಲ್ಟಿಲ್ಲ, ವೆಲ್ಡಿಂಗ್ ಇಲ್ಲ. ತಾವೇ ಬಂದು ಕೂಡಿಕೊಳ್ಳುತ್ತವಂತೆ. ಇಂಥ ಫಿಟ್ಟಿಂಗ್ ನನ್ನ ಜನ್ಮದಲ್ಲಿ ನೋಡಿರಲಿಲ್ಲ, ಖರೇ ಹೇಳುತ್ತೇನೆ. ಮೈಮೇಲೆ ಅರವತ್ತು ಪುಟ್ಟ ಬೆರಳುಗಳು. ಅವುಗಳ ತುದಿಯಿಂದಲೇ ಅದು ದನದ ಜೀವಕೋಶವನ್ನು ಹಿಡಿಯುವುದು.

ತೆಂಗಿನಕಾಯಿ ಗಾತ್ರದ ಅಲ್ಯುಮಿನಿಯಂ ಚೆಂಡು ಮಾಡಿ, ಅರವತ್ತು ತೂತು ಕೊರೆದು, ತುದಿ ಬಾಗಿಸಿದ ತಂತಿಯ ಬೆರಳು ಕೂಡಿಸಿದೆ. ಮೂರು ದಿನ ಹಿಡಿಯಿತು. ಕೈಗೆತ್ತಿಕೊಂಡರೆ ಎಲ್ಲ ಬೆರಳೂ ಲೊಡಲೊಡ ಅಂದವು. ಬೆರಳು ಸಡಿಲ ಇರಲಿ ಎಂದೇ ಬ್ರಾಹ್ಮಿ ಚಿತ್ರದಲ್ಲಿ ಬರೆದಿದ್ದಳು. ಡಾಕ್ಟರ್ ಹುಡುಗಿಗೆ ಇದರಲ್ಲೆಲ್ಲ ಏನು ತಿಳಿಯಬೇಕು ಎಂದುಕೊಂಡು ಒಂದೊಂದೇ ಬೆರಳನ್ನು ಮೈಗೆ ಒತ್ತಿ, ಅಲುಗದಂತೆ ಬಿಗಿದುಬಿಟ್ಟೆ. ಕೈಯಾಡಿಸಿದರೆ ನುಣ್ಣಗೆ. ಹೆಮ್ಮೆ ಅನಿಸಿತು.

ಶುಕ್ರವಾರ ಬ್ರಾಹ್ಮಿ ಬಂದು ಚೆಂಡನ್ನು ಅಲ್ಲಾಡಿಸಿದಳು. ಸದ್ದೇ ಇಲ್ಲ. ಅವಳ ಮುಖ ಇಳಿಯಿತು.

"ಕಾಕಾ, ವೈರಸ್ ಸಾಯಿಸಿಬಿಟ್ರಲ್ರೀ!"

"ಛಲೋ ಆತಲ್ಲ!"

"ಕತ್ತಲಾಗ ಚಿಲಕ ಹುಡುಕಬೇಕಾದ್ರ ಬೆರಳು ಸೆಟೆಸಿಕೊಂಡು ಹುಡುಕ್ತೀರೇನ್ರಿ? ಅದೂ ಹಂಗ. ಬೆರಳು ಸಡಿಲ ಇದ್ರನ ಅತ್ತಾಗಿತ್ತಾಗ ತಡಕಾಡಿ ಜೀವಕೋಶದ ಹಿಡಿಕಿ ಹಿಡೀತೈತಿ. ಆ ಹಿಡಿಕಿ ಜೀವಕೋಶ ತನ್ನ ಕೆಲಸಕ್ಕ ಇಟ್ಕೊಂಡದ್ದು. ಇದು ಅದನ್ನ ಕಲ್ತುಬಿಟ್ಟೈತಿ. ಮೈಮ್ಯಾಲಿನ ವೇಷ ಏನರ ಬದಲಿ ಮಾಡ್ಲಿ, ಬೆರಳಿನ ತುದಿ ಮಾತ್ರ ಬದಲಿ ಮಾಡಂಗಿಲ್ಲ. ಮಾಡಿದ್ರ ಹಿಡಿತ ತಪ್ಪತೈತಿ."

ಸಡಿಲ ಅಂದರೆ ತಪ್ಪು ಅಂತಲೇ ಬಾಳಿದವನಿಗೆ ಕಣ್ಣಿಗೆ ಕಾಣದ ಒಂದು ಕ್ರಿಮಿ ಪಾಠ ಹೇಳಿತ್ತು. ನಾಚಿಕೆಯೂ ಆಯಿತು, ಅದರ ಮೇಲೆ ಗೌರವವೂ ಹುಟ್ಟಿತು.

ಊರಿಗೆ ಹೊರಡಲು ಇದ್ದದ್ದು ಎರಡು ತಾಸು. ಗ್ರೈಂಡರ್ ಹಿಡಿದು ಕೂತೆ. ಒಂದು ಮಗ್ಗುಲಿನ ಮೂವತ್ತು ಬೆರಳು ಬಿಡಿಸುವಷ್ಟರಲ್ಲಿ ಹೊತ್ತು ಮುಗಿಯಿತು. ಅರ್ಧ ಸಡಿಲ, ಅರ್ಧ ಬಿಗಿಯಾದ ಚೆಂಡನ್ನು ತೊಡೆಯ ಮೇಲೆ ಇಟ್ಟುಕೊಂಡು ಅವಳ ಜೀಪಿನಲ್ಲಿ ಕುಳಿತೆ. ಪೀರನವಾಡಿ ದಾಟುವವರೆಗೂ ಅದು ಲೊಡಲೊಡ ಅನ್ನುತ್ತಲೇ ಇತ್ತು.

ಅಕ್ಕ ಕಟ್ಟೆಯ ಮೇಲೆ ಪರಾತದಲ್ಲಿ ಚಪಾತಿ ಹಿಟ್ಟು ನಾದುತ್ತಿದ್ದಳು. ನಮ್ಮನ್ನು ನೋಡಿದ್ದೇ, "ಮಧ್ಯಾ, ತಂಗಳ ಮಾತು ಹೇಳಾಕ ಬಂದಿದ್ರ ಚಾ ಕುಡದು ಹೋಗು" ಎಂದಳು.

ಬ್ರಾಹ್ಮಿ ಅಲ್ಲೇ ಹಾಸಿದ್ದ ಕಂಬಳಿಯ ಮೇಲೆ ಚೆಂಡನ್ನು ಜಾರಿಸಿದಳು. ಬಿಗಿ ಇದ್ದ ಮಗ್ಗುಲಾಗಿ ಸರ್ರನೆ ಜಾರಿಹೋಯಿತು. ಮಗ್ಗುಲು ಬದಲಿಸಿ ಮತ್ತೆ ಜಾರಿಸಿದಳು. ಸಡಿಲ ಬೆರಳುಗಳು ಉಣ್ಣೆಯಲ್ಲಿ ಸಿಕ್ಕಿಕೊಂಡು ಚೆಂಡು ಅಲ್ಲೇ ನಿಂತಿತು. ಎಳೆದರೆ ಕಂಬಳಿಯೇ ಎದ್ದುಬಂತು.

"ಈ ಕಂಬಳಿ ಎಮ್ಮಿ ಬಾಯಿ ಅಂತ ತಿಳೀರಿ ಮಾವಶಿ. ಚೆಂಡು ಕಾಲುಬಾಯಿ ಬ್ಯಾನಿ."

ಅಕ್ಕ ಹಿಟ್ಟಿನ ಕೈಯಲ್ಲೇ ಚೆಂಡು ಬಿಡಿಸಿಕೊಂಡು ತಿರುಗಿಸಿ ನೋಡಿದಳು. ಬಿಗಿ ಬೆರಳು ಮುಟ್ಟಿದಳು, ಸಡಿಲ ಬೆರಳು ಮುಟ್ಟಿದಳು. ಆಮೇಲೆ ಯಾರೂ ಹೇಳದೆ, ಪರಾತದಿಂದ ಹಿಟ್ಟು ಹರಿದು ಆ ಮೂವತ್ತು ಬೆರಳುಗಳ ತುದಿಗೂ ಒಂದೊಂದು ಉಂಡೆ ಮೆತ್ತಿ, ಮೇಲೆ ಒಣಹಿಟ್ಟು ಸವರಿ, ಜಾರಿಸಿದಳು. ಚೆಂಡು ಕಂಬಳಿ ದಾಟಿ ಕಟ್ಟೆಯಿಂದ ಕೆಳಗೆ ಬಿತ್ತು.

"ಸೂಜಿ ಹಿಂಗ ಮಾಡತೈತೇನ?"

ಬ್ರಾಹ್ಮಿಯ ಕಣ್ಣು ತುಂಬಿದ್ದವು. "ಹಿಂಗ ರೀ ಮಾವಶಿ. ಸೂಜಿ ಮಾಡಿದ್ರ ಎಮ್ಮಿ ಮೈಯಾಗ ಈ ಹಿಟ್ಟು ತಯಾರಾಗತೈತಿ. ಅದನ್ನ ತಯಾರ ಮಾಡಾಕ ಮೈ ದಣೀತೈತಿ. ಅದಕ್ಕ ನಾಕು ದಿನ ಹಾಲು ಕಮ್ಮಿ."

ನನ್ನ ಅಕ್ಕ ಎರಡನೇ ಇಯತ್ತೆಗೆ ಶಾಲೆ ಬಿಟ್ಟವಳು. ಐದು ದಿನ ಚೆಂಡು ಹಿಡಿದು ಕೂತಿದ್ದ ನನಗೆ ಅದು ಹೊಳೆದಿರಲಿಲ್ಲ. ಅವಳ ಕಾಲಿಗೆ ಬೀಳಬೇಕು ಅನಿಸಿತು.

ಕೈ ತೊಳೆದುಕೊಂಡು ಅಕ್ಕ ಕೊಟ್ಟಿಗೆಯ ಬಾಗಿಲು ತೆರೆದಳು. ಮೊದಲನೇ ಎಮ್ಮೆಯ ಕೊರಳು ತಬ್ಬಿ ನಿಂತು ಕೇಳಿದಳು, "ಯಾರ ಮಾಡ್ಯಾರೋ ಆ ಚೆಂಡನ್ನ?"

"ನಾನಽ ಅಕ್ಕಾ."

"ನಿಂದಲ್ಲೋ. ಖರೇದ್ದು."

ನಾನು ಬ್ರಾಹ್ಮಿಯ ಮುಖ ನೋಡಿದೆ, ಅವಳು ನನ್ನ ಮುಖ ನೋಡಿದಳು.

"ಯಾರರ ಇರ್ಲಿ, ಭಾಳ ಶಾಣ್ಯಾ ಅದಾನ" ಎಂದಳು ಅಕ್ಕ. "ಆದ್ರ ಅವನ ಶಾಣ್ಯಾತನ ನನ್ನ ಕೊಟಗಿ ಹೊರಗ ಇರ್ಲಿ. ಹಾಕ್ರಿ ಡಾಕ್ಟರಬಾಯಿ, ನಾ ಹಿಡದೀನಿ."